ಎತ್ತಿ ಕಟ್ಟಿದ ಮಲ್ಲಿಗೆ

ನನ್ನ ಮಲ್ಲಿಗೆಯನ್ನು ಕೆಡಿಸಿದ್ದು ನನ್ನ ಒಡಹುಟ್ಟಿದ ತಂಗಿ, ಅದೂ ಗೊತ್ತಿದ್ದೇ. ಊರಿನವರು ಹುಳ ಅಂದರು, ಉಪ್ಪುನೀರು ಅಂದರು. ಅದೆಲ್ಲ ಸುಳ್ಳು.

ಹಳದೀಪುರದಲ್ಲಿ ನಮ್ಮಿಬ್ಬರ ಮನೆ ಒಂದೇ ಬೇಲಿಯ ಆಚೆ ಈಚೆ. ಗಂಡ ಹೋದಮೇಲೆ ಹಿತ್ತಲ ಮಲ್ಲಿಗೆಯೇ ನನ್ನ ಅನ್ನ. ಹೊನ್ನಾವರದ ಹೂವಿನಂಗಡಿಯವನು ಮದುವೆ ಕಾಲದಲ್ಲಿ ನನ್ನ ಹೂವನ್ನೇ ಕೇಳಿ ತೆಗೆದುಕೊಂಡು ಭಟ್ಕಳಕ್ಕೂ ಕಳಿಸುತ್ತಿದ್ದ. ತಂಗಿಯೂ ನನ್ನ ಪಕ್ಕದಲ್ಲಿ ಕೂತು ಹೂ ಕಟ್ಟಿಕೊಡುತ್ತಿದ್ದಳು. ಅವಳ ಗಿಡಗಳು ಉದ್ದಕ್ಕೆ ಹೋಗುತ್ತಿದ್ದವೇ ಹೊರತು ಹೂ ಕಡಿಮೆ.

ನನ್ನ ಕ್ರಮ ಬೇರೆ. ಚಳಿಗಾಲದಲ್ಲಿ ಗಿಡ ಸವರಿ, ಉಳಿಸಿಕೊಂಡ ಟೊಂಗೆಗಳನ್ನು ಬಿಲ್ಲಿನಂತೆ ಬಗ್ಗಿಸಿ, ತುದಿಗೆ ಗಂಡನ ಹಳೇ ಮೀನುಬಲೆಯ ಸೀಸದ ಗುಂಡು ಕಟ್ಟಿ ಬಿಡುತ್ತೇನೆ. ಬಗ್ಗಿದ ಬೆನ್ನಿನುದ್ದಕ್ಕೂ ಚಿಗುರು ಏಳುತ್ತದೆ. ಚಿಗುರು ಎಷ್ಟೋ ಹೂ ಅಷ್ಟು. ಯಾಕೆ ಹಾಗೆ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ. ಕುಮಟೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ಒಂದು ದಿನ ಜಗಲಿಯಲ್ಲಿ ಕೂತು ನಮ್ಮಿಬ್ಬರಿಗೂ ಬಿಡಿಸಿ ಹೇಳಿದಳು.

“ಅಮ್ಮಮ್ಮ, ತುದಿಯಲ್ಲಿ ಒಂದು ಹಾರ್ಮೋನ್ ಹುಟ್ತದೆ. ಅದು ಕೆಳಗೆ ಇಳೀತಾ ಪಕ್ಕದ ಕುಡಿಗಳನ್ನ ಏಳೂಕೆ ಬಿಡೂದಿಲ್ಲ. ಟೊಂಗೆ ಬಗ್ಸಿದ್ರೆ ಭೂಮಿ ಸೆಳೆತಕ್ಕೆ ಅದು ಅಡಿಬದಿಗೆ ಸೇರ್ತದೆ. ಮೇಲ್ಬದಿಯವು ಏಳ್ತವೆ.”

“ಅತ್ತೆ ಸೊಂಟ ಬಗ್ಗಿದ ಮೇಲೆ ಸೊಸೆಗೆ ಬಾಯಿ ಬಂದಂಗೆ ಅನ್ನು,” ಅಂದೆ.

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ತಂಗಿ ನಗಲಿಲ್ಲ. “ಹಂಗಾರೆ ಮತ್ತೆ ಎತ್ತಿ ಕಟ್ಟಿದ್ರೆ?” ಅಂತ ಕೇಳಿದಳು.

“ಮತ್ತೆ ತುದಿದೇ ದರ್ಬಾರು,” ಅಂದಳು ಮೊಮ್ಮಗಳು.

ಆ ವರ್ಷ ಟೊಂಗೆ ಬಗ್ಗಿಸಿದ ವಾರವೇ ಕಣ್ಣಿನ ಪೊರೆ ತೆಗೆಸಲು ಕುಮಟೆಯ ಮಗಳ ಮನೆಗೆ ಹೋದೆ. ನೀರು ಹಾಕು, ಟೊಂಗೆ ಮುಟ್ಟಬೇಡ ಎಂದು ತಂಗಿಗೆ ಒಪ್ಪಿಸಿದ್ದೆ. ಕಣ್ಣಿಗೆ ಧೂಳು ತಾಗಬಾರದು ಅಂತ ಮಗಳು ಬೇಗ ಬಿಡಲಿಲ್ಲ. ತಿರುಗಿ ಬರುವಾಗ ಮದುವೆಗಳು ಸುರುವಾಗಿದ್ದವು. ನನ್ನ ಗಿಡಗಳೆಲ್ಲ ಬಿದಿರ ಕೋಲಿಗೆ ಕಟ್ಟಿಸಿಕೊಂಡು ನೆಟ್ಟಗೆ ನಿಂತಿದ್ದವು. ತುದಿಯಲ್ಲಿ ನಾಲ್ಕು ಎಲೆ, ಕೆಳಗೆ ಬೋಳು.

“ಇದೆಂತದೇ?”

“ನೆಲಕ್ಕೆ ತಾಗ್ಕಂಡು ಕೊಳೀತಿದ್ವು ಅಕ್ಕ. ನೋಡೂಕಾಗ್ದೇ ಎತ್ತಿ ಕಟ್ಟಿದೆ. ನಿನ್ನ ಒಳ್ಳೇದಕ್ಕೇ.”

ಅರೆಗಳಿಗೆ ನಂಬಿದೆ. ಆಮೇಲೆ ಬೇಲಿಯಾಚೆ ನೋಡಿದೆ. ಅವಳ ಗಿಡಗಳೆಲ್ಲ ಬಗ್ಗಿ, ಬೆನ್ನ ತುಂಬ ಚಿಗುರು, ಚಿಗುರ ತುಂಬ ಮೊಗ್ಗು. ತುದಿಗಳಲ್ಲಿ ನನ್ನ ಗಂಡನ ಸೀಸ ತೂಗುತ್ತಿತ್ತು.

“ಆ ಸೀಸ ಯಾರದೇ?”

“ಸುಮ್ನೆ ಬಿದ್ಕಂಡಿತ್ತಲ್ಲ, ತಕಂಡೆ.”

“ಅಂಗಡಿಗೆ ಯಾರು ಹೂ ಕೊಡೂದು ಈಗ?”

“ನಾನೇ. ಅಕ್ಕನ ಹೂವು ಅಂತ್ಲೇ ಹೇಳಿ ಕೊಡೂದು. ನಿನ್ನ ಹೆಸ್ರಿಗೇ ಮರ್ಯಾದೆ ಅಲ್ದಾ?”

ಕೇಳಿದ್ದರೆ ಅವಳ ಗಿಡಗಳನ್ನೂ ನಾನೇ ಬಗ್ಗಿಸಿಕೊಡುತ್ತಿದ್ದೆ. ಅವಳು ಕೇಳಿದ್ದು ಕೆಡಿಸುವ ದಾರಿಯನ್ನು, ಅದೂ ನನ್ನ ಮೊಮ್ಮಗಳ ಬಾಯಿಂದ, ನನ್ನ ತೊಡೆಗೆ ತೊಡೆ ತಾಗಿಸಿ ಕೂತು. ಅವಳಿಗೆ ಒಂದು ಮಾತೂ ಬೈಯಲಿಲ್ಲ. ಬೈದರೆ ಅತ್ತುಬಿಡುತ್ತಾಳೆ, ಆಮೇಲೆ ಸಮಾಧಾನ ಮಾಡುವ ಕೆಲಸವೂ ನನ್ನದೇ.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಹೊನ್ನಾವರಕ್ಕೆ ಹೋಗಿ ಅಂಗಡಿಯವನಿಗೆ ಹೇಳಿದೆ: “ಈ ವರ್ಷ ನನ್ನ ಹಿತ್ತಲಲ್ಲಿ ಹೂವಿಲ್ಲ. ನನ್ನ ಹೆಸ್ರು ಹೇಳಿ ಯಾರು ತಂದ್ರೂ ಅದು ನಂದಲ್ಲ.”

“ಎಂತ ಆತು ಅಮ್ಮ?” ಅಂದ.

ಆದದ್ದನ್ನೆಲ್ಲ ಹೇಳಿದೆ, ನಿಂತ ಗಿರಾಕಿಗಳಿಗೂ ಕೇಳುವ ಹಾಗೆ. ಮನೆಗೆ ಬಂದು ಕತ್ತಿ ತೆಗೆದುಕೊಂಡೆ. ಬಿದಿರಿನ ಕಟ್ಟು ಬಿಚ್ಚಿ, ಕೆಳಗಿನ ಕುಡಿಗಳು ಏಳಲಿ ಅಂತ ಒಂದನ್ನೂ ಬಿಡದೆ ಟೊಂಗೆಗಳ ತುದಿ ಕತ್ತರಿಸಿ ಹಾಕಿದೆ.