ಅರವಟ್ಟಿಗೆಯ ಹಾಡು, ನಾಲ್ಕು ಊರು

ಕಳೆದ ಫೆಬ್ರವರಿಯ ಮೊದಲ ಶನಿವಾರ ಸಂಜೆ ಚಿಕ್ಕಬಳ್ಳಾಪುರದ ಶಾಲೆಯೊಂದರ ಸಭಾಂಗಣದಲ್ಲಿ ಹಳೆಯ ಕಂಪನಿ ಸಂಗೀತ ನಾಟಕವೊಂದರ ಮರುಪ್ರದರ್ಶನ ನಡೆಯಿತು. ಹಿಂದೆ ಬೆಳಗಾಗುವವರೆಗೆ ನಡೆಯುತ್ತಿದ್ದ ನಾಟಕವನ್ನು ಎರಡು ಗಂಟೆಗೆ ಇಳಿಸಲಾಗಿತ್ತು. ಒಂದು ಪರದೆ, ಒಂದು ಹಾರ್ಮೋನಿಯಂ, ಒಂದು ತಬಲಾ. ಮುಖ್ಯ ಪಾತ್ರದಲ್ಲಿ ನನ್ನ ಸೋದರತ್ತೆ ಹಾಡಿದರು. ಹಾಡು ಮುಗಿದಾಗ ಸಭೆಯಿಂದ ಯಾರೂ ಒನ್ಸ್ ಮೋರ್ ಎನ್ನಲಿಲ್ಲ.

ವರದಿಯಲ್ಲಾಗಿದ್ದರೆ ಈ ಕೊನೆಯ ವಾಕ್ಯವನ್ನು ನಾನು ಬರೆಯುತ್ತಿರಲಿಲ್ಲ. ಆಗದೇ ಇದ್ದದ್ದು ಸುದ್ದಿಯಲ್ಲ ಎಂದು ನಮ್ಮ ಪತ್ರಿಕೆಯಲ್ಲಿ ಮೊದಲ ವಾರವೇ ಹೇಳಿಕೊಟ್ಟಿದ್ದರು. ಆದರೆ ಅತ್ತೆಯ ಮಟ್ಟಿಗೆ ಅಂದು ನಡೆದ ಸಂಗತಿ ಅದೊಂದೇ.

ಅತ್ತೆ ಹುಟ್ಟಿದ್ದು ಶಿಡ್ಲಘಟ್ಟದಲ್ಲಿ. ಹರೆಯದಲ್ಲಿ ಕೆಲವು ವರ್ಷ ಅವರು ಒಂದು ನಾಟಕ ಕಂಪನಿಯಲ್ಲಿದ್ದರು. ಕಂಪನಿ ಊರಿಂದೂರಿಗೆ ಹೋಗಿ ತಗಡಿನ ಕೊಟ್ಟಿಗೆ ಹಾಕಿ ತಿಂಗಳುಗಟ್ಟಲೆ ಬಿಡಾರ ಮಾಡುತ್ತಿತ್ತು. ಅಲ್ಲೊಂದು ನಿಯಮವಿತ್ತು. ನಾಯಕಿಯ ದೊಡ್ಡ ಹಾಡಿಗೆ ಜನ ಒನ್ಸ್ ಮೋರ್ ಎಂದು ಕೂಗಬೇಕು, ಕೂಗಿದರೆ ಅದೇ ಹಾಡನ್ನು ಅಲ್ಲೇ ಇನ್ನೊಮ್ಮೆ ಹಾಡಬೇಕು. ಒಂದು ಬಿಡಾರ ಪೂರ್ತಿ ಯಾರೂ ಕೂಗದೇ ಹೋದರೆ ಮುಂದಿನ ಊರಿನಲ್ಲಿ ಆ ಪಾತ್ರ ಬೇರೆಯವರಿಗೆ. ಅತ್ತೆಗೆ ಈ ಪಾತ್ರ ಬಂದದ್ದೇ ಹಾಗೆ. ಅವರಿಗಿಂತ ಹಿರಿಯ ನಟಿಯೊಬ್ಬರು ಒಂದು ದಿನ, ಆ ಪಾತ್ರದವರು ವೇದಿಕೆಯಲ್ಲಿ ಹಿಡಿಯುವ ಹಿತ್ತಾಳೆ ಚೊಂಬನ್ನು ಅತ್ತೆಯ ಟ್ರಂಕಿನ ಮೇಲೆ ಇಟ್ಟು ಹೋದರಂತೆ. ಕಂಪನಿ ಮುಚ್ಚಿದಾಗ ಅತ್ತೆ ತಂದುಕೊಂಡಿದ್ದು ಆ ಚೊಂಬೊಂದನ್ನೇ. ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದ ಮೇಲೆ ಅದರಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು.

ನಾಟಕದ ಕತೆ ಸರಳ. ಎರಡು ರಾಜ್ಯಗಳ ಗಡಿಯಲ್ಲಿ ಒಬ್ಬ ಹೆಂಗಸು ಅರವಟ್ಟಿಗೆ ಇಟ್ಟಿದ್ದಾಳೆ. ಬಿಸಿಲಲ್ಲಿ ಬಂದವರಿಗೆಲ್ಲ ನೀರು ಕೊಡುತ್ತಾಳೆ, ಯಾವ ಕಡೆಯವರೆಂದು ಕೇಳುವುದಿಲ್ಲ. ವೇಷ ಮರೆಸಿಕೊಂಡ ರಾಜನೊಬ್ಬ ನೀರು ಕುಡಿದು ಉಂಗುರ ಕೊಡಲು ಹೋಗುತ್ತಾನೆ. ಅವಳು ತೆಗೆದುಕೊಳ್ಳದೆ ಹಾಡುತ್ತಾಳೆ. ಆ ಹಾಡು ಬರುವುದು ಕೊನೆಯ ದೃಶ್ಯದಲ್ಲಿ.

ಇದನ್ನು ಮತ್ತೆ ಆಡಿಸಬೇಕೆಂದು ಹೊರಟವರು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ಮೇಡಂ. ನಾಲ್ಕು ಊರು, ನಾಲ್ಕು ಪ್ರದರ್ಶನ ಎಂದು ಗೊತ್ತುಮಾಡಿದರು. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಅರವಟ್ಟಿಗೆಯವಳ ಮಗಳ ಪಾತ್ರಕ್ಕೆ ಬಂದಳು. ಹಾರ್ಮೋನಿಯಂಗೆ ಪೆರೇಸಂದ್ರದ ಮೇಷ್ಟ್ರು. ಮೊದಲ ತಾಲೀಮಿನ ದಿನ ನಾನೂ ಅಲ್ಲಿದ್ದೆ. ಅತ್ತೆ ಮೇಡಂಗೆ ಹೇಳಿದ ಮಾತು ಇದು:

"ನೋಡಮ್ಮ, ನಾಲ್ಕು ಊರು ಒಂದು ಬಿಡಾರ ಅಂತ ಇಟ್ಕೊಳಣ. ಅಷ್ಟರಲ್ಲಿ ಒಂದು ಒನ್ಸ್ ಮೋರ್ ಬರಲಿಲ್ಲ ಅಂದ್ರೆ ಚೊಂಬು ಈ ಹುಡುಗಿಗೆ. ಆಮೇಲೆ ನನ್ನ ಬಲವಂತ ಮಾಡಬಾರದು."

"ಈಗೆಲ್ಲ ಯಾರಮ್ಮ ಒನ್ಸ್ ಮೋರ್ ಅಂತಾರೆ?" ಎಂದರು ಮೇಡಂ.

"ಹಾಡು ಚೆನ್ನಾಗಿದ್ರೆ ಅಂತಾರೆ."

ಚಿಕ್ಕಬಳ್ಳಾಪುರದಲ್ಲಿ ಆದದ್ದಕ್ಕೆ ಮೇಡಂ ಅವರ ಒಳ್ಳೆಯತನವೇ ಕಾರಣ. ಅತ್ತೆ ಎಪ್ಪತ್ತರ ಹತ್ತಿರ ಇದ್ದಾರೆ, ಜನ ಕೂಗಿಬಿಟ್ಟರೆ ಅದೇ ಹಾಡನ್ನು ಮತ್ತೆ ಹಾಡಿ ಗಂಟಲಿಗೆ ಏನಾದರೂ ಆದೀತು ಎಂದು ಅವರಿಗೆ ಭಯ. ಪರದೆ ಏಳುವ ಮೊದಲು ಅವರು ಮೈಕಿನಲ್ಲಿ, ಹಿರಿಯ ಕಲಾವಿದೆಯ ಆರೋಗ್ಯದ ದೃಷ್ಟಿಯಿಂದ ದಯವಿಟ್ಟು ಯಾರೂ ಒನ್ಸ್ ಮೋರ್ ಕೇಳಬಾರದು ಎಂದು ವಿನಂತಿ ಮಾಡಿದರು. ಅತ್ತೆ ಆಗ ಒಳಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದರು. ಅವರಿಗೆ ಕೇಳಿಸಲಿಲ್ಲ.

ಸಭೆಗೆ ಕೇಳಿಸಿತು, ಮತ್ತು ಸಭೆ ಅದನ್ನು ಕಾಯಿಲೆಯ ಸುದ್ದಿ ಎಂದು ತಿಳಿದುಕೊಂಡಿತು. ಬಂದಿದ್ದವರಲ್ಲಿ ಹೆಚ್ಚಿನವರು ನಿವೃತ್ತರು, ಶಿಕ್ಷಕರು, ಬ್ಯಾಂಕಿನವರು. ಅತ್ತೆ ಹಾಡುತ್ತಿದ್ದಷ್ಟು ಹೊತ್ತೂ ಅವರು ಆಸ್ಪತ್ರೆಯಲ್ಲಿ ಕುಳಿತವರ ಹಾಗೆ ಕುಳಿತಿದ್ದರು. ಮೇಲಿನ ಸ್ಥಾಯಿ ಬಂದಾಗ ನನ್ನ ಪಕ್ಕದ ಮಹನೀಯರು ಹೆಂಡತಿಗೆ, "ಇಷ್ಟು ಯಾಕೆ ಎಳೀಬೇಕು, ಪಾಪ" ಎಂದರು. ಹಾಡು ಮುಗಿದಾಗ ಮೆಲ್ಲಗೆ ಚಪ್ಪಾಳೆ ತಟ್ಟಿದರು.

ನಾಟಕ ಮುಗಿದ ಮೇಲೆ ಒಬ್ಬ ಹೆಂಗಸು ಫ್ಲಾಸ್ಕಿನಲ್ಲಿ ಬಿಸಿನೀರು ತಂದರು.

"ಥೈರಾಯ್ಡ್ ಏನಮ್ಮ? ನಮ್ಮ ಭಾವನಿಗೂ ಹೀಗೇ ಆಗಿತ್ತು. ಬೆಂಗಳೂರಲ್ಲಿ ತೋರಿಸಿದ್ವಿ, ಈಗ ಪರವಾಗಿಲ್ಲ."

"ಯಾರಿಗೆ ಥೈರಾಯ್ಡು?" ಎಂದರು ಅತ್ತೆ.

"ಮೈಕಲ್ಲಿ ಹೇಳಿದ್ರಲ್ಲ."

ಅತ್ತೆ ಮೇಡಂ ಕಡೆ ನೋಡಿದರು. ಮೇಡಂ ಹಾರ್ಮೋನಿಯಂ ಕಡೆ ನೋಡಿದರು. ಮೇಷ್ಟ್ರು, "ನಂಗೂ ಹೇಳಿದ್ರೆ ನಾಲ್ಕು ಮೂಸಂಬಿ ತರ್ತಿದ್ದೆ" ಎಂದರು.

ಮುಂದಿನ ಶನಿವಾರ ಗೌರಿಬಿದನೂರು. ಮೈಕಿನ ವಿನಂತಿ ಇರಲಿಲ್ಲ. ಕಾಲೇಜಿನ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ, ಹುಡುಗರು ಹುಡುಗಿಯರು ತುಂಬಿದ್ದರು. ಅತ್ತೆ ಚೊಂಬು ಹಿಡಿದು ಬಂದಾಗ ಒಂದಿಬ್ಬರು ನಕ್ಕರು. ಹಾಡು ಶುರುವಾದ ಮೇಲೆ ನಗು ನಿಂತು ಒಬ್ಬೊಬ್ಬರಾಗಿ ಫೋನು ಎತ್ತಿದರು. ಪಕ್ಕದಿಂದ ನೋಡಿದರೆ ಅಂಗಳದ ತುಂಬಾ ಸಣ್ಣ ಸಣ್ಣ ಬೆಳಕಿನ ಚೌಕಗಳು, ಪ್ರತಿಯೊಂದರಲ್ಲೂ ಅತ್ತೆ. ಹಾಡು ಮುಗಿಯಿತು. ಎರಡು ಕೈಯಲ್ಲೂ ಫೋನು ಹಿಡಿದಿದ್ದರಿಂದ ಚಪ್ಪಾಳೆಯೂ ಸರಿಯಾಗಿ ಬೀಳಲಿಲ್ಲ.

ಬಣ್ಣ ತೆಗೆಯುವಾಗ ಒಬ್ಬ ಹುಡುಗಿ ಬಂದು ಅತ್ತೆಯ ಪಕ್ಕ ಕುಳಿತಳು.

"ಅಜ್ಜಿ, ಸೂಪರ್. ವಿಡಿಯೋ ಹಾಕ್ದೆ. ನಾನೇ ಆಗ್ಲೇ ಮೂರು ಸಲ ನೋಡ್ದೆ."

"ಮತ್ತೆ ಒನ್ಸ್ ಮೋರ್ ಅನ್ನಲಿಲ್ಲ ಯಾಕಮ್ಮ?"

"ಅಂದ್ರೆ?"

"ಇನ್ನೊಂದು ಸಲ ಹಾಡಿ ಅಂತ ಕೇಳೋದು."

ಹುಡುಗಿಗೆ ಅರ್ಥವಾಗಲಿಲ್ಲ. "ರೆಕಾರ್ಡ್ ಆಗಿದೆಯಲ್ಲ ಅಜ್ಜಿ. ನಿಮಗ್ಯಾಕೆ ತೊಂದರೆ?"

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅತ್ತೆ ನನಗೆ, "ಒಬ್ಬರು ಕಾಯಿಲೆ ಅಂತ ಕೇಳಲಿಲ್ಲ, ಒಬ್ಬರು ಫೋನಲ್ಲಿದೆ ಅಂತ ಕೇಳಲಿಲ್ಲ. ಎಲ್ಲರೂ ಒಳ್ಳೆಯವರೇ ಕಣಪ್ಪ" ಎಂದರು.

ಚಿಂತಾಮಣಿಯಲ್ಲಿ ಒನ್ಸ್ ಮೋರ್ ಬಂತು.

ಆ ಊರಿನ ಮೇಲೆ ಅತ್ತೆಗೆ ನಂಬಿಕೆ ಇತ್ತು. ಅಲ್ಲಿ ಮನೆಯೊಳಗೆ ತೆಲುಗು, ಅಂಗಡಿಯಲ್ಲಿ ಕನ್ನಡ, ನಾಟಕಕ್ಕೆ ಎರಡೂ. ಕಂಪನಿಯ ಕಾಲದಲ್ಲಿ ಆ ಕಡೆ ಮೊದಲ ಸಲ ಕನ್ನಡದಲ್ಲಿ ಹಾಡಿ, ಜನ ಮತ್ತೆ ಕೇಳಿದಾಗ ತೆಲುಗಿನಲ್ಲಿ ಹಾಡುತ್ತಿದ್ದರಂತೆ. ಹೋಗುವ ಹಿಂದಿನ ದಿನ ಅತ್ತೆ ತೆಲುಗು ಸಾಲುಗಳನ್ನು ಮೇಷ್ಟ್ರ ಹತ್ತಿರ ಕೂತು ನೆನಪು ಮಾಡಿಕೊಂಡರು. ನಾಟಕದ ನಡುವೆ, ಮಗಳ ಪಾತ್ರದ ಹುಡುಗಿ ಮತ್ತು ರಾಜನ ಸೇವಕ ಜಗಳವಾಡುತ್ತ ಹಾಡುವ ತಮಾಷೆಯ ಹಾಡೊಂದಿದೆ. ಅದು ಮುಗಿಯುತ್ತಲೇ ಹಿಂದಿನ ಸಾಲಿನಿಂದ ಒಬ್ಬರು ಟವೆಲ್ ಬೀಸಿ, "ಒನ್ಸ್ ಮೋರ್! ಇಂಕೋಸಾರಿ ಪಾಡಮ್ಮಾ!" ಎಂದರು. ಇನ್ನೂ ಹತ್ತಾರು ದನಿ ಸೇರಿತು. ಹುಡುಗಿ ಗಾಬರಿಯಾಗಿ ವೇದಿಕೆಯ ಪಕ್ಕಕ್ಕೆ ತಿರುಗಿದಳು. ಪರದೆಯ ಮರೆಯಲ್ಲಿ ನಿಂತಿದ್ದ ಅತ್ತೆ ಕೈಸನ್ನೆ ಮಾಡಿ, "ಹಾಡು, ನಿಂತ್ಕೋಬೇಡ" ಎಂದರು. ಆಕೆ ಹಾಡಿದಳು. ಎರಡನೇ ಸಲ ಮೊದಲಿಗಿಂತ ಚೆನ್ನಾಗಿತ್ತು.

ಕೊನೆಯ ದೃಶ್ಯದಲ್ಲಿ ಅತ್ತೆಯ ಹಾಡಿಗೆ ಜನ ತಲೆದೂಗಿದರು, ಚಪ್ಪಾಳೆ ತಟ್ಟಿದರು, ಎದ್ದು ಹೋದರು. ತೆಲುಗು ಸಾಲುಗಳು ಹಾಗೇ ಉಳಿದವು.

ವಾಪಸು ಬರುವ ವ್ಯಾನಿನಲ್ಲಿ ಅತ್ತೆ ಚೊಂಬನ್ನು ಹುಡುಗಿಯ ತೊಡೆಯ ಮೇಲೆ ಇಟ್ಟರು.

"ಬೇಡ ಅಜ್ಜಿ. ಇನ್ನೂ ಶಿಡ್ಲಘಟ್ಟ ಇದೆ."

"ಶಿಡ್ಲಘಟ್ಟಕ್ಕೆ ನಾನೇ ಹಾಡ್ತೀನಿ, ನಮ್ಮೂರು. ಅಲ್ಲಿವರೆಗೂ ನಿನ್ನ ಹತ್ರ ಇರಲಿ. ಭಾರ ಗೊತ್ತಾಗ್ಬೇಕಲ್ಲ."

ಮುಂದಿನ ವಾರ ಅತ್ತೆ ಹುಡುಗಿಗೆ ದಿನವೂ ಅರವಟ್ಟಿಗೆಯ ಹಾಡನ್ನು ಹೇಳಿಕೊಟ್ಟರು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ನೀರು ಸುರಿಯುವ ಹಾಗೆ ಚೊಂಬು ಬಾಗಿಸಬೇಕು, ಎಲ್ಲ. ಇದನ್ನು ನಾನು ನೋಡಲಿಲ್ಲ, ಮೇಡಂ ಹೇಳಿದ್ದು. ತಾನು ಬೇಡವೆಂದೆ, ಅತ್ತೆ ಕೇಳಲಿಲ್ಲ ಎಂದೂ ಅವರು ಹೇಳಿದರು.

ಶಿಡ್ಲಘಟ್ಟದ ಪ್ರದರ್ಶನ ಒಂದು ಕಲ್ಯಾಣ ಮಂಟಪದಲ್ಲಿ, ಸಂಜೆ ಆರಕ್ಕೆ ಎಂದು ಗೊತ್ತಾಗಿತ್ತು. ಶುರುವಾದಾಗ ಆರೂಮುಕ್ಕಾಲು. ಸಾದಲಿ ಕಡೆಯಿಂದ ಒಂದು ಟೆಂಪೋ ತುಂಬಾ ಹೆಂಗಸರು ಬಂದು ಮುಂದಿನ ಎರಡು ಸಾಲು ಹಿಡಿದಿದ್ದರು. ಅತ್ತೆ ಪರದೆ ಸರಿಸಿ ನೋಡಿ ಖುಷಿಯಾಗಿದ್ದರು.

ಎರಡನೇ ದೃಶ್ಯದ ಹೊತ್ತಿಗೆ ಆ ಸಾಲುಗಳಲ್ಲಿ ಗುಸುಗುಸು ಶುರುವಾಯಿತು. ಒಬ್ಬಳು ಫೋನು ನೋಡಿದಳು, ಇನ್ನೊಬ್ಬಳು ಸೆರಗು ಸರಿಮಾಡಿಕೊಂಡಳು. ಮೂರನೆಯ ದೃಶ್ಯ ರಾಜನ ಆಸ್ಥಾನ. ರಾಜ ಸಿಂಹಾಸನದಲ್ಲಿ ಕೂತು ಮಂತ್ರಿಯನ್ನು ಬಯ್ಯುತ್ತಿದ್ದಾಗ ಮುಂದಿನ ಎರಡೂ ಸಾಲು ಒಟ್ಟಿಗೆ ಎದ್ದು ನಿಂತವು. ನಾನು ವೇದಿಕೆಯ ಪಕ್ಕದ ಮರೆಯಲ್ಲಿ ಅತ್ತೆಯ ಹಿಂದೆ ಇದ್ದೆ. ಅತ್ತೆ, "ಎದ್ದು ಹೋಗ್ತಾವ್ರೆ" ಎಂದರು. ಹುಡುಗಿಯ ಕೈಯಿಂದ ಆಗ ತಾನೇ ತೆಗೆದುಕೊಂಡಿದ್ದ ಚೊಂಬನ್ನು ಅವಳಿಗೇ ಕೊಟ್ಟರು.

ಎದ್ದವರಲ್ಲಿ ಒಬ್ಬರು, ಐವತ್ತರ ಆಸುಪಾಸಿನ ಹೆಂಗಸು, ಬಾಗಿಲ ಕಡೆ ಹೋಗದೆ ನೇರ ವೇದಿಕೆಯ ಹತ್ತಿರ ಬಂದರು. ರಾಜ ಮಾತು ನಿಲ್ಲಿಸಿದ.

"ಏನಪ್ಪ ರಾಜ, ಅರವಟ್ಟಿಗೆ ಅಮ್ಮನ ಹಾಡು ಯಾವಾಗ?"

"ಕೊನೆಗಮ್ಮ," ಎಂದ ರಾಜ.

"ಕೊನೆಗಂದ್ರೆ ಆಗಲ್ಲಪ್ಪ. ಹುಳ ನಾಲ್ಕನೇ ಜ್ವರ ಎದ್ದಾವೆ. ಸೊಪ್ಪು ಹಾಕ್ಬೇಕು, ಟೆಂಪೋ ಹೊರಡ್ತದೆ."

ನಾಲ್ಕನೇ ಜ್ವರ ಎಂದರೆ ರೇಷ್ಮೆ ಹುಳು ನಾಲ್ಕನೆಯ ಸಲ ಪೊರೆ ಬಿಡುವ ಕಾಲ. ಅದಾದ ಮೇಲಿನ ದಿನಗಳಲ್ಲಿ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಹೊತ್ತು ತಪ್ಪಿಸುವ ಹಾಗಿಲ್ಲ. ಆ ತಾಲ್ಲೂಕಿನಲ್ಲಿ ಮದುವೆಯ ಊಟದ ಪಂಕ್ತಿಯಿಂದಲೂ ಜನ ಹೀಗೆ ಎದ್ದು ಹೋಗುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಸಮಯ ಗೊತ್ತುಮಾಡುವಾಗ ಇದು ಮೇಡಂಗೆ ಹೊಳೆದಿರಲಿಲ್ಲ. ಅಲ್ಲೇ ಹುಟ್ಟಿದ ಅತ್ತೆಗೂ ಮರೆತಿತ್ತು.

"ಫೋನಲ್ಲಿ ನೋಡಿದ್ವಿ ಕಣಪ್ಪ, ಗೌರಿಬಿದನೂರಲ್ಲಿ ಹಾಡಿದ್ದು," ಎಂದು ಆ ಹೆಂಗಸು ಮುಂದುವರಿಸಿದರು. "ಅದು ಕೇಳಕ್ಕೇ ಬಂದಿರೋದು. ನೀನು ಬೈಯೋದು ಆಮೇಲೆ ಬೈದ್ಕೋ. ಆಯಮ್ಮನ್ನ ಈಗ ಕಳ್ಸು."

ಹಿಂದಿನ ಸಾಲುಗಳು ನಕ್ಕವು. ರಾಜ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಮೇಡಂ ಮುಖ ನೋಡದೆ ಹಾಡಿನ ಶ್ರುತಿ ಹಿಡಿದರು. ಅತ್ತೆ ಹುಡುಗಿಯಿಂದ ಚೊಂಬು ತೆಗೆದುಕೊಂಡು ಆಸ್ಥಾನಕ್ಕೆ ಹೋದರು. ಗಡಿಯ ಅರವಟ್ಟಿಗೆಯವಳು ಅರಮನೆಗೆ ಯಾಕೆ ಬಂದಳೆಂದು ಯಾರೂ ಕೇಳಲಿಲ್ಲ. ಆಗಿನ್ನೂ ಯಾರೂ ಕೊಟ್ಟಿರದ ಉಂಗುರವನ್ನು ಬೇಡವೆಂದು ಅವರು ಹಾಡಿದರು. ಸಾದಲಿಯ ಹೆಂಗಸರು ಚಪ್ಪಲಿ ಮೆಟ್ಟಿಕೊಂಡು, ನಿಂತೇ ಪೂರ್ತಿ ಕೇಳಿದರು. ಮುಗಿದ ಮೇಲೆ ಆ ಹೆಂಗಸು, "ಚೆನ್ನಾಗಿತ್ತು ಕಣಮ್ಮ. ಬರ್ತೀವಿ" ಎಂದರು. ಹೊರಗೆ ಟೆಂಪೋ ಹಾರನ್ ಹೊಡೆಯಿತು. ರಾಜ ಮತ್ತೆ ಮಂತ್ರಿಯನ್ನು ಬಯ್ಯತೊಡಗಿದ.

ಕೊನೆಯ ದೃಶ್ಯದಲ್ಲಿ ಹಾಡು ತನ್ನ ಜಾಗದಲ್ಲಿ ಮತ್ತೆ ಬಂತು. ಉಳಿದವರು ಅದನ್ನೂ ಕೇಳಿದರು.

ವ್ಯಾನಿನಲ್ಲಿ ಮೇಷ್ಟ್ರು ಮಾತು ತೆಗೆದರು. "ಎರಡು ಸಲ ಹಾಡಿದ್ರಿ. ಇನ್ನೇನು ಬೇಕು? ಇದೇ ಒನ್ಸ್ ಮೋರ್."

"ಎರಡನೇದು ಕತೆಗೆ ಬೇಕಾಗಿತ್ತು, ಹಾಡಿದೆ. ಯಾರು ಕೇಳಿದ್ರು?"

"ಮೊದಲನೇದು ಕೇಳಿದ್ರಲ್ಲಮ್ಮ, ಎದ್ದು ಬಂದು," ಎಂದರು ಮೇಡಂ.

"ಮೊದಲನೇದು ಕೇಳಿದ್ರು," ಎಂದು ಅತ್ತೆ ಒಪ್ಪಿಕೊಂಡರು. ಸ್ವಲ್ಪ ದೂರ ಹೋದ ಮೇಲೆ, "ಹಾಡೋಕ್ಕೆ ಮುಂಚೆನೇ ಕೇಳಿದ್ದು ನಮ್ಮ ಕಂಪನಿಲಿ ಯಾವತ್ತೂ ಇರಲಿಲ್ಲ. ಅದಕ್ಕೆ ನಿಯಮ ಇಲ್ಲ" ಎಂದರು.

"ನಿಯಮ ಇಲ್ಲ ಅಂದ್ರೆ ಚೊಂಬು ಯಾರಿಗೆ ಅಜ್ಜಿ?" ಎಂದಳು ಹುಡುಗಿ.

ಚೊಂಬು ಅತ್ತೆಯ ತೊಡೆಯ ಮೇಲಿತ್ತು.

ಮಂಚೇನಹಳ್ಳಿಯವರು ಐದನೆಯ ಪ್ರದರ್ಶನ ಕೇಳಿದ್ದಾರೆ. ಅದರ ತಾಲೀಮು ಕಳೆದ ಭಾನುವಾರ ಮೇಡಂ ಮನೆಯ ಮಹಡಿಯಲ್ಲಿ ನಡೆಯಿತು. ಹಾಡನ್ನು ಎರಡನೇ ದೃಶ್ಯಕ್ಕೆ ತರಲಾಗಿದೆ. ಚೊಂಬನ್ನು ಅತ್ತೆಯೇ ತಂದಿದ್ದರು.