ಅವ್ವ ಕಂಡ ಸಾವನದುರ್ಗ

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಬಾಟಲಿಗಳಿಗೆ ಮುಚ್ಚಳ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ರಾಗಿ ಹೊಲಗಳ ನಡುವೆ ಒಂದರ ಹಿಂದೊಂದು ತಗಡಿನ ಶೆಡ್ಡುಗಳು ಏಳುತ್ತಿದ್ದ ಕಾಲ. ಆ ಬೇಸಿಗೆಯಲ್ಲಿ ವಿಜಾಪುರದ ಕಡೆಯ ನಮ್ಮೂರಿಂದ ಅವ್ವ ಮೊದಲ ಸಲ ನನ್ನ ಬಾಡಿಗೆ ಮನೆಗೆ ಬಂದಳು. ಅವಳ ಪಾಲಿಗೆ ನೆಲವೆಂದರೆ ಕಣ್ಣು ಹಾಯುವವರೆಗೂ ಮಟ್ಟಸವಾದ ಕರಿ ಎರೆಭೂಮಿ. ನಮ್ಮ ಹೊಲದಲ್ಲಿ ಕುರ್ಪಿ ಮಸೆಯಲು ಒಂದು ಕಲ್ಲು ಬೇಕೆಂದರೂ ಹುಡುಕಬೇಕು.

ಭಾನುವಾರ ನನಗೆ ರಜೆ. ಬೆಂಗಳೂರಿನ ಗದ್ದಲ ಅವ್ವನಿಗೆ ಬೇಡವಾಗಿತ್ತು. ಮಾಗಡಿಗೆ ಹೋಗಿ ರಂಗನಾಥಸ್ವಾಮಿಯ ಗುಡಿ ನೋಡಿ ಬರೋಣವೆಂದೆ. ಮನೆಯ ಒಡತಿ ನಕ್ಕುಬಿಟ್ಟರು. "ಮಾಗಡೀಲಿ ಏನೈತೆ ಅಂತ ಓಯ್ತೀರವ್ವಾ? ರೈಲಿಲ್ಲ, ಗೀಲಿಲ್ಲ. ಬಸ್ಸಲ್ಲಿ ಕುಂತು ಕುಂತು ಸೊಂಟ ನೋಯ್ತದೆ ಅಷ್ಟೆ."

ಸೊಂಟ ನೋವಿನ ಮಾತು ಸುಳ್ಳಲ್ಲ. ಕನಕಪುರದಲ್ಲೊಂದು ಬಸ್ಸು, ರಾಮನಗರದಲ್ಲಿ ಇನ್ನೊಂದು. ರಾಮನಗರದ ನಿಲ್ದಾಣದಲ್ಲಿ ಮಾಗಡಿ ಬಸ್ಸು ಹಿಡಿದಾಗ ಒಳಗೆಲ್ಲ ಮಾವಿನ ಹಣ್ಣಿನ ಬುಟ್ಟಿಗಳು. ಕಾಲಿಡಲು ಜಾಗವಿರಲಿಲ್ಲ. ಅವ್ವ ಕಿಟಕಿಯ ಪಕ್ಕ ಕೂತಳು. ಊರು ದಾಟುತ್ತಿದ್ದಂತೆ ಬಂಡೆಗಳು ಶುರುವಾದವು. ಒಂದರ ಹೆಗಲ ಮೇಲೊಂದು ಕೂತವು, ಈಗಲೋ ಆಗಲೋ ಉರುಳುವಂತೆ ಅಂಚಿನಲ್ಲಿ ನಿಂತವು, ಆನೆ ಮಲಗಿದಂತಿದ್ದವು. ಅವ್ವ ಮೊದಲು ಕತ್ತು ಹೊರಗೆ ಹಾಕಿದಳು, ಆಮೇಲೆ ಭುಜವನ್ನೂ ಹಾಕಿದಳು.

"ಅಮ್ಮಾ, ತಲೆ ಒಳಿಕ್ಕೆ ಎಳ್ಕಳಿ," ಎಂದು ಕಂಡಕ್ಟರ್ ಕೂಗಿದ. "ಆ ಕಲ್ಲು ಎಲ್ಲೂ ಓಗಾಕಿಲ್ಲ. ಬರೋವಾಗ್ಲೂ ಅಲ್ಲೇ ಇರ್ತದೆ."

ಬಸ್ಸಿಗೆ ಬಸ್ಸೇ ನಕ್ಕಿತು. ಅವ್ವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಮಾಗಡಿಯಲ್ಲಿ ಇಳಿದು ದಾರಿ ಕೇಳುತ್ತ ಗುಡಿಗೆ ನಡೆದೆವು. ದರ್ಶನವಾಯಿತು. ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಮೆಸ್ಸಿನಲ್ಲಿ ಊಟಕ್ಕೆ ಕೂತಾಗ ಅವ್ವನ ತಟ್ಟೆಗೆ ಹೊಗೆಯಾಡುವ ರಾಗಿ ಮುದ್ದೆ ಬಿತ್ತು. ಅವಳು ಅದನ್ನು ರೊಟ್ಟಿಯ ಹಾಗೆ ಅಗಿಯತೊಡಗಿದಳು. ಬಡಿಸುತ್ತಿದ್ದ ಹೆಂಗಸು ಸಾರಿನ ಸೌಟು ಹಿಡಿದೇ ನಿಂತುಬಿಟ್ಟಳು.

"ಅಯ್ಯೋ, ಅಗೀಬೇಡಿ ಕಣವ್ವಾ! ಸಾರಲ್ಲಿ ಅದ್ಬುಟ್ಟು ನುಂಗ್ಬೇಕು."

"ಅಗೀದಿದ್ರ ರುಚಿ ಹೆಂಗ ಗೊತ್ತಾಗತೈತಿ ತಂಗಿ?" ಎಂದಳು ಅವ್ವ. ಆದರೂ ಒಂದು ತುತ್ತು ನುಂಗಿ ನೋಡಿದಳು. ಹಾಗೆ ಅವರಿಬ್ಬರ ಮಾತು ಬೆಳೆಯಿತು. ಅವ್ವ ದಾರಿಯ ಬಂಡೆಗಳನ್ನೆಲ್ಲ ವರ್ಣಿಸಿದಳು. ಆ ಹೆಂಗಸು, "ಅಷ್ಟಕ್ಕೇ ಇಂಗಂದ್ರೆ ಎಂಗೆ? ಸಾವಂದುರ್ಗ ನೋಡ್ಕೊಂಡ್ ಓಗಿ," ಎಂದು ಹೊರಗೆ ಬಂದು ತಾನೇ ಒಂದು ಆಟೋ ನಿಲ್ಲಿಸಿದಳು.

ಆಟೋ ತೆಂಗಿನ ತೋಟಗಳ ನಡುವೆ ಬಹಳ ಹೊತ್ತು ಓಡಿತು. ಒಂದು ತಿರುವಿನಲ್ಲಿ ಮುಂದಿನ ಆಕಾಶ ಮುಚ್ಚಿಹೋಯಿತು. ಅದು ಮೋಡವಲ್ಲ, ಕಲ್ಲು ಎಂದು ತಿಳಿಯಲು ನನಗೆ ಕೊಂಚ ಸಮಯ ಹಿಡಿಯಿತು. ನಾನು ನೋಡಿದ್ದ ಬೆಟ್ಟಗಳಲ್ಲಿ ಮಣ್ಣಿತ್ತು, ಮರವಿತ್ತು. ಇದು ಬುಡದಿಂದ ನೆತ್ತಿಯವರೆಗೆ ಒಂದೇ ಬರಿ ಬಂಡೆ. ಅವ್ವ ಕೆಳಗಿಳಿದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಹಿರಿಯರ ಎದುರು ನಿಂತಾಗ ಎಳೆದುಕೊಳ್ಳುವ ಹಾಗೆ. ಬಂಡೆಯ ಬುಡಕ್ಕೆ ನಡೆದು, ಚಪ್ಪಲಿ ಬಿಟ್ಟು, ಕಲ್ಲಿಗೆ ಅಂಗೈ ಇಟ್ಟಳು.

"ಇದರ ಬುಡ ಎಲ್ಲಿತನಕ ಹೋಗೈತಿ?" ಎಂದು ಕೇಳಿದಳು.

ಅದನ್ನು ಕೇಳಬೇಕೆಂದು ನನಗೆ ಎಂದೂ ಹೊಳೆದಿರಲಿಲ್ಲ.

ಅವ್ವ ಹತ್ತತೊಡಗಿದಳು. ನಾನು ಹಿಂದೆ ಹಿಂದೆ. ಬಿಸಿಲಿಗೆ ಕಾದ ಕಲ್ಲು ಪಾದ ಸುಡುತ್ತಿತ್ತು. ಸ್ವಲ್ಪ ಮೇಲೇರಿದ್ದೆವೋ ಇಲ್ಲವೋ, ಕೆಳಗೆ ಮೇಕೆ ಕಾಯುತ್ತಿದ್ದ ಹೆಂಗಸೊಬ್ಬಳು ಕೋಲೆತ್ತಿ ಕೂಗಿದಳು. "ಇಳೀರಿ, ಇಳೀರಿ! ಮಳೆ ಬತ್ತೈತೆ. ಕಲ್ಲು ನೆಂದ್ರೆ ಕಾಲು ನಿಲ್ಲಾಕಿಲ್ಲ!"

ತಿರುಗಿ ನೋಡಿದರೆ ಮಾಗಡಿಯ ಕಡೆ ಆಕಾಶ ಕಪ್ಪಾಗಿತ್ತು. ಅವ್ವನ ಕೈ ಹಿಡಿದು ಕೂತು ಜಾರುತ್ತ ಇಳಿಸಿದೆ. ಬೆಟ್ಟದ ಬುಡದಲ್ಲಿದ್ದ ಗುಡಿಯ ಕೈಸಾಲೆ ಸೇರುವಷ್ಟರಲ್ಲಿ ಹನಿಗಳು ರಪರಪ ಬಿದ್ದವು. ಮೇಕೆಗಳನ್ನು ಹೊಡೆದುಕೊಂಡು ಆ ಹೆಂಗಸೂ ನಮ್ಮ ಪಕ್ಕಕ್ಕೆ ಬಂದಳು. ಗುಡುಗಿದರೆ ಬಂಡೆ ಆ ಸದ್ದನ್ನು ಹಿಂದಕ್ಕೆ ಎಸೆಯುತ್ತಿತ್ತು.

ಮಳೆ ಕೊಂಚ ಇಳಿದಾಗ ಮೇಕೆ ಕಾಯುವವಳು, "ಈಗ ನೋಡೀರಂತೆ, ಬನ್ನಿ," ಎಂದಳು.

ಹೊರಗೆ ಬಂದೆವು. ಬೂದು ಬಣ್ಣದ ಬಂಡೆ ಕಪ್ಪಗೆ ಮಿರುಗುತ್ತಿತ್ತು. ನೆತ್ತಿಯಿಂದ ಬುಡದವರೆಗೆ ಅದರ ಮೈತುಂಬ ನೀರು ಇಳಿಯುತ್ತಿತ್ತು. ಎಲ್ಲೋ ಎಳೆ ಎಳೆಯಾಗಿ, ಎಲ್ಲೋ ಹಾಲು ಉಕ್ಕಿದಂತೆ ಬೆಳ್ಳಗೆ. ಮೋಡದ ಸಂದಿನಿಂದ ಬಿಸಿಲು ಬಿದ್ದ ಕಡೆ ಕಲ್ಲೇ ಹರಿಯುತ್ತಿದೆಯೋ ಅನ್ನಿಸುವಂತಿತ್ತು. ಅಷ್ಟು ನೀರು ಇಳಿಯುವ ಸದ್ದು ದೊಡ್ಡದೇನಲ್ಲ. ತುಂಬಿದ ಸಂತೆಯನ್ನು ದೂರದಿಂದ ಕೇಳಿದ ಹಾಗೆ ಒಂದೇ ಸಮನೆ ಮೊರೆತ.

ಅವ್ವ ನೆನೆಯುತ್ತಲೇ ಬುಡಕ್ಕೆ ಹೋಗಿ ಬೊಗಸೆಯೊಡ್ಡಿದಳು. ತುಂಬಿದ ನೀರನ್ನು ಕಣ್ಣಿಗೊತ್ತಿ ಕುಡಿದಳು. ನನ್ನನ್ನೂ ಕರೆದು ಕುಡಿಸಿದಳು. ಒದ್ದೆ ಸೆರಗನ್ನು ಮೈಗೆ ಬಿಗಿದು ಸುತ್ತಿಕೊಂಡಳು. ಚಳಿಯೇನವ್ವಾ ಎಂದೆ. ಅಲ್ಲವೆಂದು ತಲೆಯಾಡಿಸಿದಳು. "ಅಂಜಿಕಿ ಅಲ್ಲ, ಚಳಿನೂ ಅಲ್ಲ. ಏನಂತ ಹೇಳಲಿ?"

ಮಾಗಡಿಗೆ ಹಿಂತಿರುಗಲು ಬಸ್ಸೂ ಇರಲಿಲ್ಲ, ಆಟೋವೂ ಇರಲಿಲ್ಲ. ರಸ್ತೆಯಲ್ಲಿ ನಿಂತಿದ್ದಾಗ ಹಳ್ಳಿಗಳಿಂದ ಹುಡುಗಿಯರನ್ನು ಯಾವುದೋ ಕಾರ್ಖಾನೆಯ ಪಾಳಿಗೆ ಕರೆದೊಯ್ಯುತ್ತಿದ್ದ ವ್ಯಾನೊಂದು ನಿಂತಿತು. ಹುಡುಗಿಯರು ಒತ್ತಿ ಒತ್ತಿ ಕೂತು ಜಾಗ ಮಾಡಿದರು. ಅವ್ವ ಅವರಿಗೆ ಬಂಡೆಯ ಸಂಗತಿ ಹೇಳತೊಡಗಿದಳು, ಆ ಊರಿನವರು ಅವರೇ ಎಂಬುದನ್ನು ಮರೆತು.

"ನಾವು ಉಟ್ಟಿದಾಗಿಂದ ನೋಡ್ತಾ ಇದೀವಲ್ಲಜ್ಜೀ," ಎಂದು ಒಬ್ಬಳು ನಕ್ಕಳು. ಆದರೂ ಕೈಯಿಂದ ಗಾಜಿನ ಮೇಲಿನ ಆವಿ ಒರೆಸಿ ಹೊರಗೆ ನೋಡಿದಳು. ಅವಳನ್ನು ನೋಡಿ ಪಕ್ಕದವಳೂ ತಿರುಗಿದಳು. ಗಾಡಿ ತಿರುವು ದಾಟುವವರೆಗೂ ಎಲ್ಲರೂ ಬಂಡೆಯನ್ನೇ ನೋಡುತ್ತಿದ್ದರು.

ಊರಿಗೆ ಹೋದ ಅವ್ವ ಕಂಡವರಿಗೆಲ್ಲ ಇದನ್ನು ಹೇಳಿದಳಂತೆ. ಒಂದೇ ಕಲ್ಲು ಎಂಬುದನ್ನು ಯಾರೂ ನಂಬಲಿಲ್ಲ. ಮರುವರ್ಷ ಓಣಿಯ ಗೆಳತಿಯೊಬ್ಬಳನ್ನು ಜೊತೆಗೆ ಕರೆತಂದಳು. ಈ ಸಲ ದಾರಿ ತೋರಿಸಿದವಳು ಅವ್ವನೇ. ನಾನು ಹಿಂದೆ ನಡೆದೆ. ಅಂದು ಮಳೆಯ ಸುಳಿವಿರಲಿಲ್ಲ, ಬಂಡೆ ಒಣಗಿ ಬೂದು ಬಣ್ಣಕ್ಕಿತ್ತು. ಅವ್ವ ಬಂಡೆಯನ್ನು ನೋಡಲೇ ಇಲ್ಲ. ಗೆಳತಿಯ ಮುಖವನ್ನೇ ನೋಡುತ್ತ ನಿಂತಿದ್ದಳು. ಆ ಹೆಂಗಸು ಕತ್ತೆತ್ತಿ ನೋಡಿದಳು, ಇನ್ನೂ ಮೇಲೆತ್ತಿದಳು, ಹಾಗೆಯೇ ನಿಧಾನಕ್ಕೆ ನೆಲದ ಮೇಲೆ ಕೂತುಬಿಟ್ಟಳು.