ನಾನು ಕಂಡುಹಿಡಿದ ಗುಂಡಿ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ನಗುವಾಗ ನಾನೂ ಜೊತೆಗೆ ಸೇರಿಕೊಳ್ಳಬಹುದು. ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಹತ್ತಿರ, ಅಲ್ಲಿ ಹುಟ್ಟಿ ಬೆಳೆದು ಕುರಿ ಮೇಯಿಸುವವರಿಗೂ ಗೊತ್ತಿಲ್ಲದ ಒಂದು ಭಾರಿ ಗುಂಡಿಯನ್ನು ನಾನು ಕಂಡುಹಿಡಿದಿದ್ದೆ. ಅದೂ ಮೈಸೂರಿನಲ್ಲಿ, ಫ್ಯಾನಿನ ಕೆಳಗೆ ಕೂತುಕೊಂಡು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ವಿಶ್ವವಿದ್ಯಾಲಯದಲ್ಲಿ ದೂರಸಂವೇದನೆ ಓದುತ್ತಿದ್ದೆ. ಉಪಗ್ರಹ ಆಕಾಶದಿಂದ ಕಳಿಸಿದ ಚಿತ್ರ ನೋಡಿ, ಕೆಳಗೆ ಎಲ್ಲಿ ಬೆಳೆ, ಎಲ್ಲಿ ಕೆರೆ, ನೆಲ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಹೇಳುವ ವಿದ್ಯೆ. ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ಇದನ್ನು ವಿವರಿಸಿದಾಗ ನಮ್ಮವ್ವ, “ಅಂಗಾದ್ರೆ ತಾರ್ಸಿ ಮ್ಯಾಲೆ ಒಣಗಾಕಿರೋ ಸಂಡಿಗೆ ಯಾರು ಕದೀತಾವ್ರೆ, ನೋಡೇಳ್ಲಾ” ಎಂದಳು. ಅಷ್ಟು ಸಣ್ಣದೆಲ್ಲ ಅದಕ್ಕೆ ಕಾಣುವುದಿಲ್ಲ, ಒಂದು ಗದ್ದೆ ಕಂಡರೆ ಹೆಚ್ಚು ಎಂದೆ. “ಅದ್ಕಿಂತ ನನ್ ಕನ್ನಡ್ಕನೇ ವಾಸಿ ಬುಡು” ಎಂದು ಒಳಗೆ ಹೋದಳು.

ಅವ್ವನ ಕನ್ನಡಕಕ್ಕೆ ಏನು ಗೊತ್ತು ಆ ಚಿತ್ರದ ಸೊಗಸು! ನೆಲದ ಮೇಲೆ ಹಸಿರಾಗಿರುವುದೆಲ್ಲ ಅಲ್ಲಿ ಕೆಂಪು. ಎಲೆಗಳು ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಹೇರಳವಾಗಿ ಮೇಲಕ್ಕೆ ಎಸೆಯುತ್ತವೆ. ಉಪಗ್ರಹ ಅದನ್ನು ಹಿಡಿದುಕೊಳ್ಳುತ್ತದೆ, ನಾವು ಅದಕ್ಕೆ ಕೆಂಪು ಬಣ್ಣ ಕೊಟ್ಟು ನೋಡುತ್ತೇವೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲೆಲ್ಲ ಮದುವೆ ಸೀರೆಯ ಹಾಗೆ ಧಗಧಗ. ಕೆ.ಆರ್. ಪೇಟೆಯ ಕಡೆ ಕೆರೆಗಳ ಕಪ್ಪು ಬೊಟ್ಟು. ನಾಗಮಂಗಲ ಮಾತ್ರ ಬೂದು, ತೆಳುನೀಲಿ, ಮೈತುಂಬ ಸುಕ್ಕು. ಮೊದಲ ದಿನ ಹಾಳೆ ಹರಡಿದಾಗ ಕೆ.ಆರ್. ಪೇಟೆಯ ಕಡೆಯ ಸಹಪಾಠಿ ಜವರ ಒಂದು ಬೊಟ್ಟಿನ ಮೇಲೆ ಬೆರಳಿಟ್ಟು, “ಲೇ, ನಮ್ಮೂರ್ ಕೆರೆ ಕಣ್ಲಾ! ನಾನು ಈಜು ಕಲ್ತಿದ್ದು ಇಲ್ಲೇ ಕಣ್ಲಾ!” ಎಂದು ಕಿರುಚಿದ. ಉಗುರಿನಷ್ಟೂ ಇಲ್ಲದ ಬೊಟ್ಟು. ನಗಬೇಕೆಂದಿದ್ದೆ, ಆಗಲಿಲ್ಲ, ನನ್ನ ಬೆರಳೂ ಅಷ್ಟರಲ್ಲೇ ಕಾವೇರಿಯ ಗುಂಟ ನಮ್ಮ ದ್ವೀಪವನ್ನು ಹುಡುಕಿಕೊಂಡು ಹೊರಟಿತ್ತು.

ನಮ್ಮ ಮೇಷ್ಟ್ರ ವಿಷಯ ಹೇಳಬೇಕು. ಪ್ರತಿ ಪಾಠಕ್ಕೂ ಮುಂಚೆ ಕನ್ನಡಕ ತೆಗೆದು, ಬಾಯಿಯಿಂದ ಆವಿ ಬಿಟ್ಟು, ಒರೆಸಿ, ಮತ್ತೆ ಹಾಕಿಕೊಂಡು, “ಗೊತ್ತಿರೋದನ್ನ ಹೇಳ್ಬೇಡಿ, ಕಾಣೋದನ್ನ ಹೇಳಿ” ಎನ್ನುವರು. ನನಗೆ ಯಾರನ್ನು ಕಂಡರೂ ಅವರ ಹಾಗೆಯೇ ಆಡುವ ಚಟ. ಒಂದು ದಿನ ಬೋರ್ಡಿನ ಮುಂದೆ ನಿಂತು, ಇಲ್ಲದ ಕನ್ನಡಕವನ್ನು ಒರೆಸುತ್ತ ಪೂರ್ತಿ ಹತ್ತು ನಿಮಿಷ ಅವರಾಗಿದ್ದೆ. ತರಗತಿ ಅಳತೆಗಿಂತ ಹೆಚ್ಚು ನಗುತ್ತಿದೆಯಲ್ಲ ಎಂದು ತಿರುಗಿದರೆ ಕೊನೆಯ ಬೆಂಚಿನಲ್ಲಿ ಸಾಕ್ಷಾತ್ ಮೇಷ್ಟ್ರು. “ನಿಲ್ಲಿಸ್ಬೇಡಪ್ಪ, ನಾನೂ ನೋಟ್ಸ್ ತಗೋತಿದೀನಿ” ಎಂದರು.

ಬಹುಶಃ ಆ ಪ್ರೀತಿಯಿಂದಲೇ ನನಗೆ ವರ್ಷದ ಪ್ರಾಜೆಕ್ಟಿಗೆ ಪಾಂಡವಪುರದ ಕಬ್ಬು ಕೊಟ್ಟರು. ಕಬ್ಬು! ಹುಟ್ಟಿದಾರಭ್ಯ ನೋಡಿದ ಕಬ್ಬು! ನನಗೆ ಬೇಕಾಗಿದ್ದದ್ದು ನಾಗಮಂಗಲದ ಆ ಸುಕ್ಕುಗಳು: ಬೆಟ್ಟ, ಬಂಡೆ, ಹಳ್ಳ, ನೆಲ ಯಾಕೆ ಹೀಗೆ ಮಡಿಸಿಕೊಂಡಿದೆ ಎಂಬ ಪ್ರಶ್ನೆ. ನನಗೂ ಬೆಟ್ಟಕ್ಕೂ ಅದುವರೆಗಿನ ಸಂಬಂಧವೇನೂ ಹೇಳಿಕೊಳ್ಳುವಂಥದ್ದಲ್ಲ. ಮನೆಯ ಹತ್ತಿರದ ಕರಿಘಟ್ಟಕ್ಕೂ ಕೆಳಗಿನಿಂದಲೇ ಕೈಮುಗಿಯುವವನು ನಾನು. ಆದರೆ ಚಿತ್ರದಲ್ಲಿ ಬೆಟ್ಟ ಹತ್ತುವುದು ಬೆರಳು ತಾನೆ.

ಹಾಗೆ ಬೆರಳಿನಲ್ಲಿ ತಿರುಗಾಡುವಾಗಲೇ ಅದು ಸಿಕ್ಕಿತು. ಬಿಂಡಿಗನವಿಲೆಯಿಂದ ಸ್ವಲ್ಪ ಆಚೆ, ಬಟ್ಟಲಿನ ಹಾಗೆ ತಗ್ಗಿದ ಜಾಗ. ಒಂದು ಅಂಚಿಗೆ ಗಾಢ ನೆರಳು, ಇನ್ನೊಂದಕ್ಕೆ ಬಿಸಿಲು. ಎತ್ತರದ ಗೆರೆಗಳಿರುವ ಸರ್ವೆ ನಕ್ಷೆಯನ್ನು ತೆಗೆದು ಹೋಲಿಸಿ ನೋಡಬೇಕಾಗಿತ್ತು. ಅದು ಬೀರುವಿನಲ್ಲಿತ್ತು, ಬೀರುವಿಗೆ ಬೀಗವಿತ್ತು, ಬೀಗದ ಕೈ ಕೊಡಲು ಅಟೆಂಡರಿಗೆ ಒಂದು ಅರ್ಜಿ ಬೇಕಾಗಿತ್ತು. ನಕ್ಷೆ ಕಣ್ಣಿಲ್ಲದವರಿಗೆ ಎಂದುಕೊಂಡೆ. ಸೀದಾ ಹೋಗಿ, “ಸಾರ್, ಗೊತ್ತಿರೋದನ್ನ ಹೇಳ್ತಿಲ್ಲ, ಕಾಣೋದನ್ನ ಹೇಳ್ತಿದೀನಿ. ಇಲ್ಲೊಂದು ದೊಡ್ಡ ಗುಂಡಿ ಇದೆ” ಎಂದೆ.

ಮೇಷ್ಟ್ರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು. “ಶನಿವಾರ ಜೀಪು ಹೊರಡ್ಲಿ. ಗುಂಡಿ ಇದ್ರೆ ನಾಗಮಂಗಲ ನಿಂದು. ಇಲ್ದಿದ್ರೆ ಕಬ್ಬು. ಮತ್ತೆ ಮಾತಿಲ್ಲ.”

ಶನಿವಾರ ಮೇಷ್ಟ್ರು, ಜವರ, ನಾನು ಮೂವರೂ ಹೊರಟೆವು. ತೊಡೆಯ ಮೇಲೆ ಚಿತ್ರ ಇಟ್ಟುಕೊಂಡು ಜೀಪಿನಲ್ಲಿ ಹೋಗುವ ಸುಖ ಹೇಗೆ ಹೇಳಲಿ! ಹಾಳೆಯ ಕೆಂಪು ಕಿಟಕಿಯಾಚೆ ಭತ್ತವಾಗುತ್ತದೆ, ಕಪ್ಪು ಬೊಟ್ಟು ನೀರಾಗಿ ಮಿನುಗುತ್ತದೆ. ಪಾಂಡವಪುರ ದಾಟುವಾಗ ಕಬ್ಬಿನ ಕಡೆ ನಾನು ತಿರುಗಿಯೂ ನೋಡಲಿಲ್ಲ. ಕೆ.ಆರ್. ಪೇಟೆಯ ಕಡೆಯಿಂದ ಸುತ್ತಿ ಬಿಂಡಿಗನವಿಲೆ ದಾಟಿ, ಗುಂಡಿ ಇರಬೇಕಾದಲ್ಲಿಗೆ ಬಂದು ಜೀಪು ನಿಂತಿತು. ಎದುರಿಗೆ ಬೆಟ್ಟ.

“ಇದರ ಆ ಕಡೆ ಇರ್ಬೇಕು ಸಾರ್” ಎಂದೆ.

“ಹಾಗಾದ್ರೆ ಹತ್ತಿ.”

ಹತ್ತಿದೆವು. ಮೇಷ್ಟ್ರು ಆರಾಮವಾಗಿ, ಜವರ ಕಡಲೆಕಾಯಿ ತಿನ್ನುತ್ತ, ನಾನು ನಾಲ್ಕು ಕಾಲಿನಲ್ಲಿ. ತುದಿಯಲ್ಲಿ ನಿಂತು ಆ ಕಡೆ ಇಣುಕಿದರೆ ಹುರುಳಿ ಹೊಲ, ಚಪ್ಪಟೆ. ಮೇಷ್ಟ್ರು ಚೀಲದಿಂದ ಸರ್ವೆ ನಕ್ಷೆ ತೆಗೆದು ಒಂದು ಚುಕ್ಕೆ ತೋರಿಸಿದರು. “ನಿನ್ನ ಲೆಕ್ಕದಲ್ಲಿ ನೀನೀಗ ಗುಂಡಿಯ ತಳದಲ್ಲಿ ನಿಂತಿದೀಯಪ್ಪ.” ಅಂದರೆ ಅವರಿಗೆ ಮೊದಲೇ ಗೊತ್ತಿತ್ತು!

ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಉಪಗ್ರಹದ ಚಿತ್ರವನ್ನು ಬಂಡೆಯ ಮೇಲೆ ಹರಡಿ, “ನೀನು ಈ ಕಡೆ ಬಾ” ಎಂದು ಎದುರು ಬದಿಗೆ ಕರೆದರು. ತಲೆಕೆಳಗಾದ ಹಾಳೆಯಲ್ಲಿ ನನ್ನ ಗುಂಡಿ ಕಣ್ಣೆದುರಿಗೇ ಉಬ್ಬಿ ಬೆಟ್ಟವಾಗಿ ಎದ್ದಿತು! ಈ ಕಡೆ ಬಂದರೆ ಗುಂಡಿ, ಆ ಕಡೆ ಹೋದರೆ ಬೆಟ್ಟ. ಸೋತದ್ದು ಮರೆತು ಬಂಡೆಯ ಸುತ್ತ ನಾಲ್ಕು ಸಲ ಓಡಿದೆ. ಬೆಳಕು ಮೇಲಿನಿಂದಲೇ ಬರಬೇಕೆಂದು ನಮ್ಮ ಕಣ್ಣಿನ ಹಠ: ಸೂರ್ಯ ಮೇಲೆ, ದೀಪ ಮೇಲೆ, ಟ್ಯೂಬ್‌ಲೈಟು ಮೇಲೆ. ಉಪಗ್ರಹವೋ ಬೆಳಗ್ಗೆ ಹಾದುಹೋಗುತ್ತದೆ. ಆಗ ಬಿಸಿಲು ಬರುವುದು ಆಗ್ನೇಯದಿಂದ, ಅಂದರೆ ಹಾಳೆಯ ಕೆಳಗಿನ ಮೂಲೆಯಿಂದ. ನೆರಳು ಮೇಲಂಚಿಗೆ ಬೀಳುತ್ತದೆ; ಮೇಲಿನ ಬೆಳಕಿಗೆ ಮೇಲಂಚು ಕಪ್ಪಾಗುವುದು ಗುಂಡಿಯಲ್ಲೇ ತಾನೆ ಎಂದು ಕಣ್ಣು ವಿಚಾರಣೆಯಿಲ್ಲದೆ ‘ಗುಂಡಿ’ ಎಂದು ತೀರ್ಪು ಬರೆದುಬಿಡುತ್ತದೆ. ಎಷ್ಟು ಜನರ ವಿಷಯದಲ್ಲಿ ನಾನು ಹೀಗೆಯೇ ತೀರ್ಪು ಬರೆದಿದ್ದೇನೋ, ಬೆಳಕು ಯಾವ ಕಡೆಯದೆಂದು ಕೇಳದೆ.

ಆದರೂ ನಾಗಮಂಗಲ ಬಿಡಲು ಮನಸ್ಸಿಲ್ಲ. “ಸಾರ್, ತಪ್ಪು ನನ್ನದಲ್ಲ, ಕಣ್ಣಿನದು. ಯಾರೇ ಆದ್ರೂ ಗುಂಡಿ ಅಂತಾರೆ. ಅದನ್ನೇ ಪ್ರಾಜೆಕ್ಟು ಮಾಡ್ತೀನಿ” ಎಂದೆ.

“ಇನ್ನೊಬ್ಬರ ಬಾಯಲ್ಲಿ ಹೇಳ್ಸು, ಕೊಡ್ತೀನಿ” ಎಂದರು.

ಪಕ್ಕದ ಬಂಡೆಯ ನೆರಳಿನಲ್ಲಿ ಕೆಂಪಜ್ಜಿ ಎಂಬ ಮುದುಕಿ ಕುರಿಗಳನ್ನು ಬಿಟ್ಟುಕೊಂಡು ಕೂತಿದ್ದಳು. ಹಾಳೆಯನ್ನು ಉತ್ತರ ದಿಕ್ಕು ಮೇಲಾಗಿ ಹಿಡಿದು, ಆ ಜಾಗ ತೋರಿಸಿ, ಇದೇನು ಕಾಣುತ್ತದೆ ಎಂದು ಕೇಳಿದೆ. ಅಜ್ಜಿ ಹುಬ್ಬಿಗೆ ಕೈ ಅಡ್ಡ ಇಟ್ಟು, “ಗುಂಡಿ ಇದ್ದಂಗದೆ ಕಣಪ್ಪ” ಎಂದಳು. ನಾನು ಕುಣಿದೆ. ಮೇಷ್ಟ್ರು ಮಾತಿಗೆ ತಪ್ಪುವವರಲ್ಲ. ಪೆನ್ನಿನ ಮುಚ್ಚಳ ತೆಗೆದರು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಸುಮ್ಮನಿರುವವರನ್ನು ಮಾತ್ರ ನನಗೆ ಅನುಕರಿಸಲು ಬರುವುದಿಲ್ಲ. “ನೋಡಜ್ಜಿ, ಈ ಗುಂಡಿ ಅನ್ನೋದೇ ಈಗ ನಾವು ನಿಂತಿರೋ ಬೆಟ್ಟ. ಹತ್ತಿ ಬರೋವರೆಗೂ ನಾನು ಗುಂಡೀನೇ ಅಂತಿದ್ದೆ. ನಂದೇನು ತಪ್ಪು, ನೀನೇ ಹೇಳು” ಎಂದೆ, ಅಷ್ಟನ್ನು ಹೇಳಲು ಮೂರು ಸಲ ಉಸಿರೆಳೆದುಕೊಂಡು.

ಆಕೆ ಕೊಟ್ಟ ಉತ್ತರಕ್ಕೆ ಜವರ ಕಡಲೆಕಾಯಿ ನೆತ್ತಿಗೇರಿ ಕೆಮ್ಮಿದ, ಮೇಷ್ಟ್ರ ಪೆನ್ನು ವಾಪಸು ಜೇಬಿಗೆ ಹೋಯಿತು, ನಾನು ವರ್ಷವಿಡೀ ಪಾಂಡವಪುರದ ಕಬ್ಬಿನಲ್ಲಿ ತಿರುಗಿದೆ. ಅಚ್ಚರಿಯೆಂದರೆ, ಕುಣಿಕುಣಿದುಕೊಂಡೇ ತಿರುಗಿದೆ, ಪ್ರತಿ ಗದ್ದೆಗೂ ಮೊದಲು ಕಾಲಿಟ್ಟು ಆಮೇಲೆ ಚಿತ್ರ ಬಿಚ್ಚುತ್ತ. ಕೆಂಪಜ್ಜಿ ನನ್ನನ್ನು ನೆತ್ತಿಯಿಂದ ಪಾದದವರೆಗೆ ಒಮ್ಮೆ ನೋಡಿ ಅಂದದ್ದು ಇಷ್ಟೆ:

“ಕಣ್ಣು ಮೋಸ ಓಗ್ಲಿ ಬುಡು. ಗುಂಡಿಗೆ ಇಳಿಯೋನು ಇಂಗೆ ತೇಕ್ತಾನೇನ್ಲಾ? ಕಾಲ್ಗಾದ್ರೂ ಗೊತ್ತಾಗ್ಬ್ಯಾಡ್ವಾ?”